ತೆಂಗಿನ ಬುಡಕ್ಕೆ ಉಪ್ಪು ಹಾಕಿದರೆ, ಕಾಂಡಕ್ಕೆ ಮೊಳೆ ಹೊಡೆದರೆ ಕಾಯಿ ಹೆಚ್ಚುತ್ತದೆಯೇ?

“ತೆಂಗಿನಮರದ ಬುಡಕ್ಕೆ ಎರಡು ಕೆ.ಜಿ. ಕಲ್ಲುಪ್ಪು ಹಾಕಿ ನಾಲ್ಕು ಬಿಂದಿಗೆ ನೀರು ಹೊಯ್ಯಿರಿ, ಕಾಂಡಕ್ಕೆ ಒಂದು ಕಬ್ಬಿಣದ ಮೊಳೆ ಹೊಡೆಯಿರಿ. ಹರಳು ಉದುರುವುದು ನಿಂತು ಗೊನೆ ತುಂಬ ಕಾಯಿ ಬಿಡುತ್ತದೆ.” ಇಂಥ ಸಲಹೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಕೋಲಾರ ತಾಲ್ಲೂಕಿನ ಹುತ್ತೂರಿನಂಥ ಊರಿನಲ್ಲಿ ಹಿತ್ತಲಿನಲ್ಲಿ ಒಂದೆರಡು ತೆಂಗಿನಮರ ಇರುವವರಿಗೆ ಇದು ಖರ್ಚಿಲ್ಲದ ಉಪಾಯದಂತೆ ಕಾಣುತ್ತದೆ. ಆದರೆ ಇದರಲ್ಲಿ ನಿಜ ಎಷ್ಟಿದೆ?

ಚಿಕ್ಕ ಉತ್ತರ: ಉಪ್ಪಿನ ಮಾತಿನಲ್ಲಿ ಅರ್ಧ ಸತ್ಯವಿದೆ, ಆದರೆ ಅದು ಕೋಲಾರದ ನೆಲಕ್ಕೆ ಹೊಂದುವುದಿಲ್ಲ. ಮೊಳೆಯ ಮಾತು ಪೂರ್ತಿ ತಪ್ಪು, ಮರಕ್ಕೂ ಅಪಾಯ.

ಉಪ್ಪಿನ ಮಾತು ಎಲ್ಲಿಂದ ಬಂತು?

ತೆಂಗಿಗೆ ಬೇಕಾದ ಪೋಷಕಾಂಶಗಳಲ್ಲಿ ಕ್ಲೋರಿನ್ ಕೂಡ ಒಂದು. ಅಡುಗೆ ಉಪ್ಪಿನಲ್ಲಿ ಇರುವುದು ಸೋಡಿಯಂ ಮತ್ತು ಕ್ಲೋರಿನ್. ಫಿಲಿಪ್ಪೀನ್ಸ್ ದೇಶದಲ್ಲಿ ಸಮುದ್ರದಿಂದ ದೂರವಿರುವ ತೋಟಗಳಿಗೆ ಅಲ್ಲಿನ ತೆಂಗು ಪ್ರಾಧಿಕಾರವೇ ಉಪ್ಪನ್ನು ಗೊಬ್ಬರವಾಗಿ ಶಿಫಾರಸು ಮಾಡುತ್ತದೆ. ನಮ್ಮ ಕರಾವಳಿಯಲ್ಲಿ ಗಟ್ಟಿ ಮುರಕಲ್ಲಿನ ನೆಲದಲ್ಲಿ ಸಸಿ ನೆಡುವ ಮೊದಲು, ಗುಂಡಿಯ ನೆಲ ಮೆತ್ತಗಾಗಲೆಂದು ಉಪ್ಪು ಹಾಕಿ ಮಳೆಗೆ ಬಿಡುವ ಪದ್ಧತಿಯೂ ಇದೆ.

ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ, ಹಾಕಿದ ಉಪ್ಪು ತೊಳೆದುಹೋಗುತ್ತದೆ. ಕೋಲಾರ ಜಿಲ್ಲೆಯಲ್ಲಿ ಬೀಳುವುದು ಸುಮಾರು 700ರಿಂದ 750 ಮಿ.ಮೀ. ಮಾತ್ರ. ವರ್ಷವಿಡೀ ಹರಿಯುವ ನದಿ ಇಲ್ಲ, ಮರಗಳಿಗೆ ಹಾಯಿಸುವುದು ಹೆಚ್ಚಾಗಿ ಬೋರ್‌ವೆಲ್‌ನ ಗಡಸು ನೀರು. ಇಲ್ಲಿ ಹಾಕಿದ ಉಪ್ಪು ಬೇರಿನ ಹತ್ತಿರವೇ ಉಳಿಯುತ್ತದೆ. ಸೋಡಿಯಂ ಹೆಚ್ಚಾದಂತೆ ಮಣ್ಣು ಹೆಪ್ಪುಗಟ್ಟಿ, ನೀರು ಕೆಳಗೆ ಇಳಿಯುವುದು ಕಡಿಮೆಯಾಗುತ್ತದೆ. ತೆಂಗು ಸ್ವಲ್ಪ ಉಪ್ಪನ್ನು ತಡೆದುಕೊಂಡರೂ ಪಕ್ಕದಲ್ಲಿರುವ ಮಾವು ತಡೆದುಕೊಳ್ಳುವುದಿಲ್ಲ.

ಹಾಗಾದರೆ ಕ್ಲೋರಿನ್ ಎಲ್ಲಿಂದ ಸಿಗಬೇಕು? ಗೊಬ್ಬರದ ಅಂಗಡಿಯಲ್ಲಿ ಸಿಗುವ ಪೊಟ್ಯಾಷ್ (ಎಂಒಪಿ) ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕ್ಲೋರಿನ್ನೇ ಇರುತ್ತದೆ. ಪೊಟ್ಯಾಷ್ ಕೊಟ್ಟ ಮರಕ್ಕೆ ಬೇರೆ ಉಪ್ಪು ಬೇಕಿಲ್ಲ.

“ನಮ್ಮ ಮನೆಯಲ್ಲಿ ಉಪ್ಪು ಹಾಕಿದ ಮೇಲೆ ಕಾಯಿ ನಿಂತಿತಲ್ಲ?”

ಈ ಅನುಭವ ಸುಳ್ಳಲ್ಲ, ಕಾರಣ ಮಾತ್ರ ಬೇರೆ. ತೆಂಗಿನಲ್ಲಿ ಹೊಂಬಾಳೆಯ ಮೊಳಕೆ ಸುಳಿಯೊಳಗೆ ಹುಟ್ಟಿ, ಹೊರಬಂದು, ಕಾಯಿ ಬಲಿಯುವವರೆಗೆ ಸುಮಾರು 44 ತಿಂಗಳು ಬೇಕು. ಆದ್ದರಿಂದ ಈ ತಿಂಗಳು ಹಾಕಿದ ಗೊಬ್ಬರದ ಪೂರ್ತಿ ಫಲ ಕಾಣುವುದು ಎರಡು ಮೂರು ವರ್ಷದ ನಂತರ. ಜೊತೆಗೆ, ಹೆಣ್ಣು ಹೂಗಳಲ್ಲಿ ಅರ್ಧಕ್ಕೂ ಹೆಚ್ಚು ಉದುರುವುದು ಆರೋಗ್ಯವಾದ ಮರದಲ್ಲೂ ಸಹಜ. ಬೇಸಿಗೆಯಲ್ಲಿ ನೀರು ಸಾಲದಿದ್ದರೆ ಇನ್ನೂ ಹೆಚ್ಚು ಉದುರುತ್ತವೆ. ಉಪ್ಪಿನ ಜೊತೆ ಹೊಯ್ದ ನೀರು, ಅಥವಾ ಆಮೇಲೆ ಬಂದ ಮಳೆ ಹರಳನ್ನು ಉಳಿಸಿರುತ್ತದೆ. ಹೆಸರು ಬರುವುದು ಉಪ್ಪಿಗೆ.

ಮೊಳೆ ಏಕೆ ಹೊಡೆಯಬಾರದು?

ಮಾವು, ಬೇವಿನ ಮರಕ್ಕೆ ಗಾಯವಾದರೆ ತೊಗಟೆಯ ಕೆಳಗಿನ ಪದರ ಬೆಳೆದು ಗಾಯವನ್ನು ಮುಚ್ಚುತ್ತದೆ. ತೆಂಗು, ಅಡಿಕೆ, ಈಚಲಿನಂಥ ತಾಳೆ ಜಾತಿಯ ಮರಗಳಲ್ಲಿ ಆ ಪದರವೇ ಇಲ್ಲ. ಕಾಂಡಕ್ಕೆ ಮಾಡಿದ ತೂತು ಮರ ಇರುವವರೆಗೂ ತೂತಾಗಿಯೇ ಇರುತ್ತದೆ. ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆ ಇಡುತ್ತದೆ, ಮರಿಹುಳುಗಳು ಒಳಗಿನ ತಿರುಳನ್ನು ತಿನ್ನುತ್ತವೆ. ಹೊರಗೆ ಗೊತ್ತಾಗುವ ಹೊತ್ತಿಗೆ ಮರ ಕೈಬಿಟ್ಟು ಹೋಗಿರುತ್ತದೆ. ಮನೆಯ ಪಕ್ಕದ ಮರವಾದರೆ ಅದು ಯಾರ ಮೇಲೆ ಬೀಳುತ್ತದೋ ಎಂಬ ಭಯ ಬೇರೆ. ಹಸಿ ಗರಿ ಕಡಿಯುವುದು, ಹತ್ತಲು ಮೆಟ್ಟಿಲಿನಂತೆ ಕಾಂಡ ಕೆತ್ತುವುದು, ಬಟ್ಟೆ ಒಣಹಾಕಲು ಮೊಳೆ ಹೊಡೆಯುವುದು ಕೂಡ ಬೇಡ.

ತಿಪ್ಪೆಯ ಮೇಲೆ ಕಣ್ಣಿಡಿ

ಹೊಸ ಗರಿ ಕತ್ತರಿಯಲ್ಲಿ ಕತ್ತರಿಸಿದಂತೆ ಬಿಚ್ಚಿಕೊಂಡರೆ ಅದು ಸುಳಿ ಕೊರೆಯುವ ರೈನೋಸರಸ್ ದುಂಬಿಯ ಕೆಲಸ. ಈ ದುಂಬಿಯ ಮರಿಗಳು ಬೆಳೆಯುವುದು ಕೊಳೆತ ಸಗಣಿ ಗೊಬ್ಬರದಲ್ಲಿ ಮತ್ತು ಬಿದ್ದ ತೆಂಗಿನ ದಿಮ್ಮಿಯಲ್ಲಿ. ಹಸು ಸಾಕುವ ಮನೆಗಳೇ ಹೆಚ್ಚಿರುವ ಕೋಲಾರದಲ್ಲಿ ತಿಪ್ಪೆ ಮತ್ತು ತೆಂಗು ಅಕ್ಕಪಕ್ಕದಲ್ಲಿರುವುದು ಸಾಮಾನ್ಯ. ತಿಪ್ಪೆಯನ್ನು ಮರದಿಂದ ದೂರ ಇಡಿ. ಆಗಾಗ ಕೆದಕಿ, ಬಿಳಿ ದಪ್ಪ ಮರಿಹುಳು ಸಿಕ್ಕರೆ ಆರಿಸಿ ಸಾಯಿಸಿ. ಸುಳಿಯ ಸುತ್ತಲಿನ ಎರಡು ಮೂರು ಗರಿಗಳ ಬುಡಕ್ಕೆ 250 ಗ್ರಾಂ ಬೇವಿನ ಹಿಂಡಿಗೆ ಅಷ್ಟೇ ಅಳತೆಯ ಮರಳು ಬೆರೆಸಿ ಹಾಕಿದರೆ ದುಂಬಿ ಹತ್ತಿರ ಬರುವುದು ಕಡಿಮೆಯಾಗುತ್ತದೆ. ವರ್ಷಕ್ಕೆ ಮೂರು ಬಾರಿ ಹೀಗೆ ಮಾಡಬೇಕು.

ಬೇರಿನ ಮೂಲಕ ವಿಷ ಕುಡಿಸುವ ಪ್ರಯೋಗವನ್ನು ಮನೆಯಲ್ಲಿ ನೀವಾಗಿಯೇ ಮಾಡಬೇಡಿ. ಆ ಮರದ ಎಳನೀರು ಕುಡಿಯುವವರು ನಿಮ್ಮ ಮಕ್ಕಳೇ.

ನಿಜವಾಗಿ ಏನು ಮಾಡಬೇಕು?

• ಜಾಗ: ಗೋಡೆ ಮತ್ತು ಕರೆಂಟ್ ತಂತಿಯಿಂದ ದೂರ ನೆಡಿ. ತೆಂಗಿನ ಬೇರು ಆಲದ ಬೇರಿನಂತೆ ದಪ್ಪವಾಗಿ ಬೆಳೆಯುವುದಿಲ್ಲ. ಆದರೆ ಬೀಳುವ ಕಾಯಿ, ಗರಿ ತಲೆಗೂ ಶೀಟಿಗೂ ಅಪಾಯ. ಎರಡು ಮರಗಳ ನಡುವೆ ಸುಮಾರು 25 ಅಡಿ ಇರಲಿ.

• ನೀರು: ಬೇಸಿಗೆಯಲ್ಲಿ ದೊಡ್ಡ ಮರಕ್ಕೆ ದಿನಕ್ಕೆ 40ರಿಂದ 60 ಲೀಟರ್. ಕಾಂಡದ ಬುಡಕ್ಕೇ ಸುರಿಯದೆ, ಸುತ್ತ ಸುಮಾರು 6 ಅಡಿಯ ಪಾತಿಯಲ್ಲಿ ಹರಡುವಂತೆ ಕೊಡಿ.

• ಹೊದಿಕೆ: ಒಣ ಗರಿ, ತೆಂಗಿನ ಮೊಟ್ಟೆ, ತರಗೆಲೆಗಳನ್ನು ಪಾತಿಯಲ್ಲಿ ಹರಡಿ. ತೇವ ಹೆಚ್ಚು ದಿನ ಉಳಿಯುತ್ತದೆ.

• ಗೊಬ್ಬರ: ಫಲ ಬಿಡುವ ಮರಕ್ಕೆ ವರ್ಷಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದ ಜೊತೆ ಸುಮಾರು 1 ಕೆ.ಜಿ. ಯೂರಿಯಾ, 2 ಕೆ.ಜಿ. ಸೂಪರ್ ಫಾಸ್ಫೇಟ್, 2 ಕೆ.ಜಿ. ಪೊಟ್ಯಾಷ್. ಮೂರರಲ್ಲಿ ಒಂದು ಭಾಗವನ್ನು ಮುಂಗಾರಿನ ಆರಂಭದಲ್ಲಿ, ಉಳಿದದ್ದನ್ನು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಕೊಡಿ. ಎಳೆಯ ಗಿಡಕ್ಕೆ ಇಷ್ಟು ಬೇಡ.

• ಹೊಸ ಗರಿಗಳು ಬಿಚ್ಚದೆ ಅಂಟಿಕೊಂಡಿದ್ದರೆ ಬೋರಾನ್ ಕೊರತೆ ಇರಬಹುದು. ಗರಿಯ ಫೋಟೊ ಮತ್ತು ಮಣ್ಣಿನ ಮಾದರಿ ಹಿಡಿದು ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ತೋಟಗಾರಿಕೆ ಇಲಾಖೆಯಲ್ಲಿ ಕೇಳಿ.

ಈಗಾಗಲೇ ಉಪ್ಪು ಹಾಕಿದ್ದೀರಾ? ಗಾಬರಿ ಬೇಡ. ಒಂದು ಸಲ ಹಾಕಿದ್ದರಿಂದ ಮರ ಸಾಯುವುದಿಲ್ಲ. ಮತ್ತೆ ಹಾಕಬೇಡಿ, ಒಳ್ಳೆಯ ಮಳೆ ಅದನ್ನು ಕೆಳಗೆ ಇಳಿಸಲಿ, ಕೊಟ್ಟಿಗೆ ಗೊಬ್ಬರ ಕೊಡಿ.

ಒಟ್ಟಿನಲ್ಲಿ, ಒಂದು ಊರಿನ ನೆಲಕ್ಕೆ ಸರಿಯಾದ ಸಲಹೆ ಇನ್ನೊಂದು ಊರಿಗೆ ಹಾನಿ ಮಾಡಬಹುದು. ಹರಳು ಉದುರುತ್ತಿದ್ದರೆ ಮೊದಲು ನೀರು ಸಾಕಾಗುತ್ತಿದೆಯೇ ನೋಡಿ. ಉಪ್ಪು, ಮೊಳೆಯ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸುವ ಮೊದಲು ಇದನ್ನು ಕಳಿಸಿ.