ಗಂಟಲಮಾರಿಯ ಪ್ರತಿವಿಷ

ಮಾರತ್ತಹಳ್ಳಿಯಿಂದ ಪಶ್ಚಿಮಕ್ಕೆ, ಇಂದಿರಾನಗರದ ಹಳೆಯ ಮದರಾಸು ರಸ್ತೆಯಲ್ಲಿ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯೊಂದಿದೆ. ಜನರು ಅದನ್ನು ಐಸೋಲೇಷನ್ ಆಸ್ಪತ್ರೆಯೆಂದೇ ಬಲ್ಲರು. ಇಂತಹ ಆಸ್ಪತ್ರೆಗಳು ಎದುರಿಸಬೇಕಾಗಿದ್ದ ಶಿಶುರೋಗಗಳಲ್ಲಿ ಗಂಟಲಮಾರಿಯು ಅತಿ ಭಯಂಕರವಾದುದು. ಗಂಟಲಿನಲ್ಲಿ ಬೂದುಬಣ್ಣದ ಪೊರೆ ಕಟ್ಟಿ ಕೂಸಿನ ಉಸಿರು ಸಿಕ್ಕಿಕೊಳ್ಳುವುದು. ಅದು ಕಳೆದರೂ ಹೃದಯವು ಸೋಲುವ ಭಯ ತಪ್ಪದು.

1884ರಲ್ಲಿ ಜರ್ಮನಿಯ ಲೋಫ್ಲರ್ ಪಂಡಿತರು ಈ ರೋಗದ ಕ್ರಿಮಿಯನ್ನು ಬೇರ್ಪಡಿಸಿ ಬೆಳೆಸಿದರು. ಕ್ರಿಮಿಯು ಗಂಟಲಿನಲ್ಲಿಯೇ ನಿಂತಿರಲು ದೂರದ ಅವಯವಗಳು ಕೆಡುವುದೇಕೆ? 1888ರಲ್ಲಿ ಪ್ಯಾರಿಸಿನ ರೂ ಮತ್ತು ಯೆರ್ಸಿನ್ ಇದಕ್ಕೆ ಉತ್ತರ ಕಂಡರು. ಕ್ರಿಮಿಗಳನ್ನು ಸೋಸಿ ತೆಗೆದ ಮೇಲೂ ಉಳಿದ ದ್ರವವು ಪ್ರಾಣಿಗಳನ್ನು ಕೊಂದಿತು. ಕೊಲ್ಲುವುದು ಕ್ರಿಮಿಯು ಸೂಸುವ ವಿಷ. 1890ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಬೇರಿಂಗ್ ಮತ್ತು ಜಪಾನಿನ ಕಿಟಸಾಟೊ ಇನ್ನೂ ಮುಂದುವರಿದು, ವಿಷವನ್ನು ಸಹಿಸಲು ಕಲಿತ ಪ್ರಾಣಿಯ ರಕ್ತರಸವು ಮತ್ತೊಂದು ಪ್ರಾಣಿಯನ್ನು ಉಳಿಸುವುದೆಂದು ಪ್ರಕಟಿಸಿದರು. 1901ರ ಪ್ರಥಮ ನೊಬೆಲ್ ವೈದ್ಯಪಾರಿತೋಷಕವು ಬೇರಿಂಗರಿಗೆ ಸಂದಿತು. ಕಿಟಸಾಟೊ ಅವರಿಗೆ ಪಾಲು ದೊರೆಯಲಿಲ್ಲ.

1894ರಲ್ಲಿ ರೂ ಅವರು ಕುದುರೆಗಳಿಂದ ಈ ರಸವನ್ನು ಪಡೆದು ಪ್ಯಾರಿಸಿನ ಮಕ್ಕಳಿಗೆ ಕೊಡಲು, ನೂರಕ್ಕೆ 50ಕ್ಕೂ ಮಿಗಿಲಾಗಿದ್ದ ಸಾವು ಸುಮಾರು 25ಕ್ಕೆ ಇಳಿಯಿತು. ರಕ್ತರಸದ ಈ ತತ್ತ್ವವು ನಮ್ಮ ನಾಡಿಗೂ ಬಂದಿತು. ದನಗಳ ದೊಡ್ಡರೋಗವನ್ನು ತಡೆಯಲು 1925ರಲ್ಲಿ ಹೆಬ್ಬಾಳದಲ್ಲಿ ಸೀರಂ ಸಂಸ್ಥೆಯು ಸ್ಥಾಪಿತವಾಯಿತು. ಅಲ್ಲಿಯ ಶತ್ರು ವಿಷವಲ್ಲ, ವೈರಸ್ಸು; ಆದರೂ ಎರವಲು ರಕ್ಷಣೆಯ ಉಪಾಯವು ಒಂದೇ.

ಆದರೆ ಈ ಔಷಧಕ್ಕೆ ಮಿತಿಗಳುಂಟು. ರಕ್ತದಲ್ಲಿ ಸಂಚರಿಸುವ ವಿಷವನ್ನು ಅದು ಹಿಡಿಯಬಲ್ಲುದು. ಜೀವಕೋಶವನ್ನು ಹೊಕ್ಕ ವಿಷವನ್ನು ಮುಟ್ಟಲಾರದು. ಆದುದರಿಂದ ಒಂದು ದಿನದ ತಡವೂ ಪ್ರಾಣಕ್ಕೆ ಎರವಾಗಬಹುದು. ಕುದುರೆಯ ರಸವು ಕೆಲವರ ಮೈಗೆ ಒಗ್ಗದು. 1901ರಲ್ಲಿ ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಧನುರ್ವಾಯು ತಗುಲಿದ್ದ ಕುದುರೆಯೊಂದರ ರಸದಿಂದ 13 ಮಕ್ಕಳು ತೀರಿಕೊಂಡರು. ಮರುವರ್ಷವೇ ಅಲ್ಲಿ ಇಂತಹ ಔಷಧಗಳ ಪರೀಕ್ಷೆಗೆ ಶಾಸನವಾಯಿತು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಏಕರೂಪದ ಪ್ರತಿಕಾಯಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವ ಕ್ರಮವನ್ನು ಕಂಡುಹಿಡಿದರು. ಆ ದಾರಿಯಲ್ಲಿ, ನೆರಡಿರೋಗದ ವಿಷಕ್ಕೆ ಕುದುರೆಯ ಹಂಗಿಲ್ಲದ ಮದ್ದು 2012ರಲ್ಲಿ ಅಮೆರಿಕದಲ್ಲಿ ಮಾನ್ಯವಾಯಿತು.

ಎರವಲು ರಕ್ಷಣೆಯು ಕೆಲವು ವಾರಗಳಲ್ಲಿ ಕರಗುವುದು. ಸ್ವಂತ ರಕ್ಷಣೆಯು ಬಹುಕಾಲ ನಿಲ್ಲುವುದು. ವಿಷವನ್ನು ನಿರಪಾಯಗೊಳಿಸಿ ಚುಚ್ಚುಮದ್ದು ಮಾಡುವ ವಿಧಾನವನ್ನು ರಾಮೋನ್ 1923ರಲ್ಲಿ ತೋರಿಸಿದರು. 1978ರಿಂದ ಭಾರತ ಸರ್ಕಾರದ ಲಸಿಕೆಯ ಯೋಜನೆಯು ಅದನ್ನು ಮನೆಮನೆಯ ಕೂಸಿಗೆ ತಲಪಿಸಲು ತೊಡಗಿತು. ರೋಗವು ಕಣ್ಮರೆಯಾದಂತೆ ಅದರ ಭಯವೂ ಮರೆಯಾಗುವುದು ಸಹಜ. ಲಸಿಕೆ ತಪ್ಪಿದ ಮನೆಯಲ್ಲಿ ಮಾತ್ರ ಗಂಟಲಮಾರಿಯು ಇಂದಿಗೂ ಹಳೆಯ ಗಂಟಲಮಾರಿಯೇ. ಆದುದರಿಂದ ಕೂಸಿನ ಚುಚ್ಚುಮದ್ದಿನ ದಿನವನ್ನು ಗೃಹಸ್ಥರು ಮರೆಯಬಾರದು.