ಯಂತ್ರದ ಚರಿತ್ರೆಯಲ್ಲಿ ಮುಲಾಮಿನ ಪಾಲು

ಸೌಂದರ್ಯ ಲೇಸರಿನ ಇತಿಹಾಸ ಬರೆಯಲು ಕೂತವರೆಲ್ಲ ಯಂತ್ರಗಳ ಇತಿಹಾಸ ಬರೆದು ಏಳುತ್ತಾರೆ. ರೂಬಿ ಬಂತು, ಆರ್ಗಾನ್ ಬಂತು, ಡಯೋಡ್ ಬಂತು, ಈಗ ಪಿಕೋ ಬಂದಿದೆ. ಅಲ್ಲಿಗೆ ಕತೆ ಮುಗಿಯಿತು. ಜಾಹೀರಾತಿನವರು ಇನ್ನೂ ಮುಂದೆ ಹೋಗಿದ್ದಾರೆ. ಊಟದ ಬಿಡುವಿನಲ್ಲಿ ಬಂದು ಮಾಡಿಸಿಕೊಂಡು ಹೋಗಿ, ಎಲ್ಲ ಬಣ್ಣದ ಚರ್ಮಕ್ಕೂ ಒಗ್ಗುತ್ತದೆ, ಪಥ್ಯವೇನೂ ಬೇಕಿಲ್ಲ ಎನ್ನುತ್ತಾರೆ. ಹಾಗೆ ಹೋಗಿ ಬಂದವರು ಮೂರು ವಾರ ಕಳೆದ ಮೇಲೆ ಕೆನ್ನೆಯ ಮೇಲೆ ಪಟ್ಟೆಪಟ್ಟೆ ಕಪ್ಪು ಕಲೆ ಹೊತ್ತು ನಮ್ಮ ಹೊರರೋಗಿ ವಿಭಾಗಕ್ಕೆ ಬರುತ್ತಾರೆ. ಯಂತ್ರ ಒಳ್ಳೆಯದೇ ಇರುತ್ತದೆ. ಎಡವಟ್ಟಾಗಿರುವುದು ಚಿಕಿತ್ಸೆಯ ಹಿಂದಿನ ನಾಲ್ಕು ವಾರದಲ್ಲಿ, ಇಲ್ಲವೇ ಮುಂದಿನ ನಾಲ್ಕು ವಾರದಲ್ಲಿ. ಆ ಎಂಟು ವಾರಗಳ ಆರೈಕೆಗೂ ಒಂದು ಚರಿತ್ರೆಯಿದೆ.

ಮೊದಲ ಘಟ್ಟವನ್ನು ಬೇಗ ದಾಟಬಹುದು. 1960ರಲ್ಲಿ ಥಿಯೋಡರ್ ಮೇಮನ್ ರೂಬಿ ಲೇಸರ್ ಬೆಳಗಿಸಿದರು. ಕೆಲವೇ ವರ್ಷಗಳಲ್ಲಿ ಸಿನ್ಸಿನಾಟಿಯ ಚರ್ಮವೈದ್ಯ ಲಿಯಾನ್ ಗೋಲ್ಡ್‌ಮನ್ ಅದನ್ನು ಚರ್ಮದ ಮೇಲೆ ಪ್ರಯೋಗಿಸಿದರು. 1964ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ಕಂಡುಹಿಡಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ನಮ್ಮ ವಿದ್ಯಾರ್ಥಿಗಳಿಗೆ ಈ ಸಂಗತಿ ಗೊತ್ತಿಲ್ಲದಿರುವುದು ನನಗೆ ಯಾವತ್ತೂ ಸೋಜಿಗ. ಎಪ್ಪತ್ತರ ದಶಕದಲ್ಲಿ ಹುಟ್ಟುಮಚ್ಚೆಗಳಿಗೆ ಆರ್ಗಾನ್ ಹಿಡಿದರು. ಅದರ ಶಾಖ ಸುತ್ತಲಿನ ಚರ್ಮಕ್ಕೂ ಹರಡಿ ಎಷ್ಟೋ ಮುಖಗಳಲ್ಲಿ ಮಚ್ಚೆಯ ಜಾಗಕ್ಕೆ ಗಾಯದ ಗುರುತು ಬಂತು. ಇದಕ್ಕೆ ಉತ್ತರ ಸಿಕ್ಕಿದ್ದು 1983ರಲ್ಲಿ. ಬಾಸ್ಟನ್ನಿನ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಷ್ ಸರಿಯಾದ ತರಂಗಾಂತರವನ್ನು ಸಾಕಷ್ಟು ಕಿರಿದಾದ ಮಿಡಿತದಲ್ಲಿ ಬಿಟ್ಟರೆ ಬೇಕಾದ ಗುರಿ ಮಾತ್ರ ಸುಡುತ್ತದೆ, ನೆರೆಹೊರೆ ಉಳಿಯುತ್ತದೆ ಎಂದು ತೋರಿಸಿದರು. ಇವತ್ತಿನ ಎಲ್ಲ ಸೌಂದರ್ಯ ಲೇಸರುಗಳ ತಳಹದಿ ಅದೇ.

ಆದರೆ ಆ ತತ್ವಕ್ಕೆ ನಮ್ಮ ಚರ್ಮ ಒಂದು ತೊಡಕು. ಕೂದಲು ತೆಗೆಯುವ ಲೇಸರ್ ಹುಡುಕುವುದು ಕೂದಲ ಬುಡದ ಮೆಲನಿನ್ನನ್ನು, ಅಂದರೆ ಕಪ್ಪು ಬಣ್ಣ ಕೊಡುವ ಅಂಶವನ್ನು. ನಮ್ಮಲ್ಲಿ ಮೆಲನಿನ್ ಬುಡದಲ್ಲಿ ಇರುವಂತೆ ಮೇಲ್ಪದರದಲ್ಲೂ ಧಾರಾಳವಾಗಿದೆ. ಬೆಳಕು ದಾರಿಯಲ್ಲೇ ಅದಕ್ಕೆ ಸಿಕ್ಕಿಬೀಳುತ್ತದೆ. ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಚರ್ಮದ ವರ್ಗಗಳನ್ನು ಮಾಡಿದಾಗ ಅವರ ಕಣ್ಣಮುಂದೆ ಇದ್ದುದು ಬಿಳಿಯರು. ಕಂದು, ಕಪ್ಪು ಚರ್ಮಕ್ಕೆ 5 ಮತ್ತು 6 ಎಂಬ ಖಾನೆ ಸೇರಿದ್ದು ಆಮೇಲೆ. ನಮ್ಮ ಬಹುಪಾಲು ಜನ ಬರುವುದು 4 ಮತ್ತು 5ರಲ್ಲಿ.

ತೊಂಬತ್ತರ ದಶಕದಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರಿನಿಂದ ಇಡೀ ಮುಖದ ಮೇಲ್ಪದರ ಕೆರೆದು ತೆಗೆಯುವ ಭರಾಟೆ ಅಮೆರಿಕದಲ್ಲಿ ಎದ್ದಿತು. ತಿಂಗಳುಗಟ್ಟಲೆ ಇಳಿಯದ ಕೆಂಪು, ತುಟಿಯ ಹರ್ಪಿಸ್ ಮುಖದ ತುಂಬ ಹರಡುವುದು, ತಡವಾಗಿ ಕಾಣುವ ಬಿಳಿಚಿದ ಕಲೆ, ಎಲ್ಲವನ್ನೂ ಕಂಡ ಮೇಲೆ ಅಲ್ಲಿನವರು ಆರೈಕೆಯ ಕಡೆ ತಿರುಗಿದರು. ಚಿಕಿತ್ಸೆಗೆ ಮುಂಚಿನಿಂದಲೇ ಹರ್ಪಿಸ್ ಮಾತ್ರೆ ಕೊಡುವ ಪದ್ಧತಿ ನೆಲೆಯೂರಿದ್ದು ಹೀಗೆ. ಒದ್ದೆಯಾಗಿಟ್ಟ ಗಾಯ ಬೇಗ ಮಾಯುತ್ತದೆ, ಹಕ್ಕಳೆ ಕಟ್ಟಲು ಬಿಟ್ಟರೆ ತಡ ಎಂದು ಜಾರ್ಜ್ ವಿಂಟರ್ 1962ರಲ್ಲೇ ಹಂದಿಗಳ ಮೇಲೆ ತೋರಿಸಿಕೊಟ್ಟಿದ್ದರು. 1996ರಲ್ಲಿ ಇನ್ನೊಂದು ಅಧ್ಯಯನ ಬಂತು. ಸಣ್ಣ ಶಸ್ತ್ರಚಿಕಿತ್ಸೆಯ ಗಾಯಕ್ಕೆ ಬರೀ ಪೆಟ್ರೋಲಿಯಂ ಜೆಲ್ಲಿ ಹಚ್ಚಿದವರಲ್ಲೂ ಆಂಟಿಬಯಾಟಿಕ್ ಮುಲಾಮು ಹಚ್ಚಿದವರಿಗಿಂತ ಗಣನೀಯವಾಗಿ ಹೆಚ್ಚು ಸೋಂಕು ಕಾಣಲಿಲ್ಲ. ಅಲರ್ಜಿಯ ಕಾಟವೂ ಇರಲಿಲ್ಲ. ಇಷ್ಟಾದರೂ ನಮ್ಮ ಊರುಗಳಲ್ಲಿ ಲೇಸರ್ ಮಾಡಿಸಿಕೊಂಡವರು ಮೊದಲು ಹಚ್ಚುವುದು ಮನೆಯ ಫ್ರಿಜ್ಜಿನಲ್ಲಿರುವ ಯಾವುದೋ ಆಂಟಿಬಯಾಟಿಕ್ ಟ್ಯೂಬನ್ನು, ಅದಿಲ್ಲದಿದ್ದರೆ ಅರಿಶಿನವನ್ನು.

ಮುಂಚಿನ ಆರೈಕೆಯ ಬಗ್ಗೆ ಎಲ್ಲರೂ ಉದ್ಧರಿಸುವ ಅಧ್ಯಯನ 1999ರದು. ವೆಸ್ಟ್ ಮತ್ತು ಆಲ್‌ಸ್ಟರ್ 100 ರೋಗಿಗಳಲ್ಲಿ ಕೆಲವರಿಗೆ ಲೇಸರಿಗೆ ಮುಂಚೆ ಗ್ಲೈಕಾಲಿಕ್ ಆಮ್ಲ, ಕೆಲವರಿಗೆ ಹೈಡ್ರೊಕ್ವಿನೋನ್ ಮತ್ತು ಟ್ರೆಟಿನಾಯಿನ್ ಕೊಟ್ಟು, ಉಳಿದವರಿಗೆ ಏನೂ ಕೊಡದೆ ನೋಡಿದರು. ಆಮೇಲೆ ಕಪ್ಪಾಗುವುದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಪೂರ್ವತಯಾರಿ ದಂಡ ಎಂದು ವಾದಿಸುವವರಿದ್ದಾರೆ. ಆ ನೂರೂ ಮಂದಿ 1ರಿಂದ 3ನೇ ವರ್ಗದ ಚರ್ಮದವರು ಎಂಬ ಸಾಲನ್ನು ಅವರು ಓದಿದ ಹಾಗೆ ಕಾಣುವುದಿಲ್ಲ.

ನಮ್ಮ ತಲೆಮಾರು ಕಣಕ್ಕಿಳಿದದ್ದು ಈ ಶತಮಾನದ ಆರಂಭದಲ್ಲಿ. ಉದ್ದ ಮಿಡಿತದ ಎನ್‌ಡಿ-ಯಾಗ್ ಯಂತ್ರದ 1064 ನ್ಯಾನೋಮೀಟರ್ ಬೆಳಕಿಗೆ ಮೇಲ್ಪದರದ ಮೆಲನಿನ್ ಕಡಿಮೆ ಅಡ್ಡಬರುತ್ತದೆ. ಕಂದು ಚರ್ಮಕ್ಕೆ ಅದು ವರವಾಯಿತು. 2004ರಲ್ಲಿ ಫ್ರಾಕ್ಷನಲ್ ವಿಧಾನ ಬಂತು. ಚರ್ಮವನ್ನೆಲ್ಲ ಸುಡದೆ ಚುಕ್ಕೆಚುಕ್ಕೆಯಾಗಿ ಸುಟ್ಟು ನಡುವಿನ ಆರೋಗ್ಯದ ಚರ್ಮದಿಂದ ಗಾಯ ಬೇಗ ಮಾಯುವಂತೆ ಮಾಡುವ ಉಪಾಯ ಅದು. 2008ರಲ್ಲಿ ಐಎಡಿವಿಎಲ್, ಅಂದರೆ ದೇಶದ ಚರ್ಮವೈದ್ಯರ ಸಂಘ, ಲೇಸರಿನಿಂದ ಕೂದಲು ತೆಗೆಯುವುದಕ್ಕೆ ಮಾರ್ಗಸೂಚಿ ತಂದಿತು. ಆದರೆ ಮಾರ್ಗಸೂಚಿಯಲ್ಲಿ ಹಿಡಿಸದ ಸಂಗತಿಗಳನ್ನು ನಾವು ಕಲಿತದ್ದು ರೋಗಿಗಳ ಎದುರು ಕೂತು.

ವ್ಯಾಕ್ಸಿಂಗ್ ಮಾತೇ ತೆಗೆದುಕೊಳ್ಳಿ. ಲೇಸರಿಗೆ ಬುಡದಲ್ಲಿ ಕೂದಲು ಇರಲೇಬೇಕು. ಥ್ರೆಡಿಂಗ್, ವ್ಯಾಕ್ಸ್ ಮಾಡಿಸಿಕೊಂಡು ಬಂದರೆ ಬೆಳಕಿಗೆ ಗುರಿಯೇ ಇಲ್ಲ. ಬ್ಲೀಚ್ ಮಾಡಿದ ಕೂದಲಲ್ಲಿ ಮೆಲನಿನ್ ಇಲ್ಲ. ಹಿಂದಿನ ದಿನ ರೇಜರಿನಲ್ಲಿ ತೆಗೆದುಕೊಂಡು ಬನ್ನಿ ಎಂದರೆ, "ಡಾಕ್ಟ್ರೇ, ಮುಖಕ್ಕೆ ರೇಜರ್ ಹಾಕಿದ್ರೆ ಗಡ್ಡ ಬಂದುಬಿಡಲ್ವಾ?" ಎಂದು ಹುಡುಗಿ ಕೇಳುವ ಮುಂಚೆ ಅವಳಮ್ಮ ಕೇಳುತ್ತಾರೆ. "ಇಲ್ಲಮ್ಮ, ತುದಿ ಮೊಂಡಾಗಿ ಒರಟು ಅನ್ನಿಸುತ್ತೆ ಅಷ್ಟೆ" ಎಂದು ಹೇಳಿ ನಂಬಿಸುವುದೂ ಚಿಕಿತ್ಸೆಯ ಭಾಗವೇ. ಗಡ್ಡದ ಭಯ ಪೂರ್ತಿ ಆಧಾರವಿಲ್ಲದ್ದೂ ಅಲ್ಲ: ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳ ಕೆನ್ನೆ, ದವಡೆಯಲ್ಲಿ ಲೇಸರಿನ ಆಮೇಲೆ ಕೂದಲು ಹೆಚ್ಚುವುದುಂಟು. ಅದನ್ನು ಮೊದಲೇ ಹೇಳುವ ಪಾರ್ಲರನ್ನು ನಾನು ಕಂಡಿಲ್ಲ.

ಇನ್ನೊಂದು ಟ್ಯೂಬಿನದು. ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಸ್ಟೀರಾಯ್ಡ್ ಮೂರೂ ಸೇರಿದ ಮಿಶ್ರಣವನ್ನು 1975ರಲ್ಲಿ ಕ್ಲಿಗ್ಮನ್ ರೂಪಿಸಿದ್ದು ಕಲೆಗಳಿಗೆ, ಕೆಲವು ವಾರಗಳ ಮಟ್ಟಿಗೆ. ನಮ್ಮಲ್ಲಿ ಅದರ ತಮ್ಮಂದಿರು ಔಷಧಿ ಅಂಗಡಿಯಲ್ಲಿ 'ಬೆಳ್ಳಗಾಗೋ ಕ್ರೀಮ್' ಆಗಿ ಕೈಬದಲಾದವು. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳಿಗೆ ಚೀಟಿ ಕಡ್ಡಾಯ ಮಾಡಿತು. ಅಂಗಡಿಯವರಿಗೆ ಸುದ್ದಿ ಇನ್ನೂ ತಲುಪಿದಂತಿಲ್ಲ. ವರ್ಷಗಟ್ಟಲೆ ಹಚ್ಚಿದ ಮುಖ ದೂರದಿಂದ ಫಳಫಳ ಹೊಳೆಯುತ್ತದೆ. ಹತ್ತಿರ ಹೋದರೆ ಚರ್ಮ ತೆಳ್ಳಗಾಗಿ ಕೆಂಪು ರಕ್ತನಾಳಗಳು ಜಾಲದಂತೆ ಕಾಣುತ್ತವೆ, ಹಣೆಯ ಅಂಚಿನಲ್ಲಿ ನವಿರು ಕೂದಲು. ಬಿಟ್ಟರೆ ಉರಿ, ಹಚ್ಚಿದರೆ ಹಾಯಿ. ಅಂಥ ಮುಖಕ್ಕೆ ಲೇಸರ್ ಹಿಡಿಯುವುದೆಂದರೆ ಕಲೆಯನ್ನು ಕರೆದು ಕೂರಿಸಿದಂತೆ. ಮೊದಲು ಕ್ರೀಮು ಬಿಡಿಸಬೇಕು, ಉರಿ ತಣಿಯುವವರೆಗೆ ಕಾಯಬೇಕು. ಮುಂದಿನ ವಾರ ನಿಶ್ಚಿತಾರ್ಥ ಇಟ್ಟುಕೊಂಡು ಬಂದವರಿಗೆ ಈ ಮಾತು ಹಿಡಿಸುವುದಿಲ್ಲ. ಅವರು ಎದುರಿನ ಕ್ಲಿನಿಕ್ಕಿಗೆ ಹೋಗುತ್ತಾರೆ.

ಮರಗಟ್ಟಿಸುವ ಕ್ರೀಮಿನ ಅಪಾಯವೂ ಇಲ್ಲೇ ಸೇರಬೇಕು. ಅಮೆರಿಕದಲ್ಲಿ ಇಬ್ಬರು ಯುವತಿಯರು ಕೂದಲು ತೆಗೆಸುವ ಮುಂಚೆ ಕಾಲಿಗೆಲ್ಲ ಅದನ್ನು ಬಳಿದು ಪ್ಲಾಸ್ಟಿಕ್ ಸುತ್ತಿಕೊಂಡು ಪ್ರಾಣ ಕಳೆದುಕೊಂಡರು. 2007ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು. ಮೊಡವೆಯ ಐಸೊಟ್ರೆಟಿನಾಯಿನ್ ಮಾತ್ರೆಯದು ಇದಕ್ಕೆ ತಿರುಗುಮುರುಗು. ಮಾತ್ರೆ ನಿಲ್ಲಿಸಿ 6 ತಿಂಗಳು ಲೇಸರ್ ಮುಟ್ಟಬೇಡಿ ಎಂಬುದು ನಾವೆಲ್ಲ ಬಾಯಿಪಾಠ ಮಾಡಿದ ನಿಯಮ. 2017ರಲ್ಲಿ ಅಮೆರಿಕದ ತಜ್ಞರೂ ನಮ್ಮ ಎಸಿಎಸ್‌ಐ, ಅಂದರೆ ದೇಶದ ಚರ್ಮ ಶಸ್ತ್ರಚಿಕಿತ್ಸಕರ ಸಂಘದ ತಂಡದವರೂ ಪುರಾವೆ ಜಾಲಾಡಿ, ಕೂದಲು ತೆಗೆಯುವಂಥ ಚಿಕಿತ್ಸೆಗೆ ಆ ಕಾಯುವಿಕೆಗೆ ಆಧಾರವಿಲ್ಲ ಎಂದರು. ಹಳೆಯ ಹೆದರಿಕೆಯನ್ನು ನಮ್ಮವರೇ ಕೂತು ಅಳೆದು ನೋಡಿದ ಅಪರೂಪದ ಉದಾಹರಣೆ ಎಂದು ಇದನ್ನು ನೆನೆಯುತ್ತೇನೆ.

ಚಿಕಿತ್ಸೆಯ ನಂತರದ ಆರೈಕೆಯಲ್ಲಿ ಕಣ್ತೆರೆಸುವ ಕೆಲಸ ಏಷ್ಯಾದಲ್ಲೂ ಆಗಿದೆ. ಫ್ರಾಕ್ಷನಲ್ ಲೇಸರಿನ ಬೆನ್ನಿಗೇ ಎರಡು ದಿನ ಮಾತ್ರ ಬಲವಾದ ಸ್ಟೀರಾಯ್ಡ್ ಹಚ್ಚಿ ಆಮೇಲೆ ಬರೀ ಜೆಲ್ಲಿಗೆ ಬಂದರೆ ಕಪ್ಪಾಗುವುದು ಕಡಿಮೆ ಎಂದು ಥಾಯ್ಲೆಂಡಿನ ವೈದ್ಯರು 2015ರಲ್ಲಿ ವರದಿ ಮಾಡಿದರು. ಉಪಯುಕ್ತ ಕೆಲಸ. ಆದರೆ ಎರಡು ದಿನಕ್ಕೆಂದು ಬರೆದುಕೊಟ್ಟ ಟ್ಯೂಬು ನಮ್ಮ ಮನೆಗಳಲ್ಲಿ ಎರಡು ವರ್ಷ ಬಾಳುತ್ತದೆ. ಬರೆಯುವ ಮುಂಚೆ ನನ್ನ ಕೈ ತಡೆಯುತ್ತದೆ. ಸನ್‌ಸ್ಕ್ರೀನಿನ ವಿಷಯವೂ ಬದಲಾಗಿದೆ. ಕಣ್ಣಿಗೆ ಕಾಣುವ ಬೆಳಕೇ ಕಂದು ಚರ್ಮವನ್ನು ಕಪ್ಪಾಗಿಸುತ್ತದೆ, ಬಿಳಿಯರಿಗೆ ಹಾಗಾಗುವುದಿಲ್ಲ ಎಂದು ಡೆಟ್ರಾಯಿಟ್‌ನಿಂದ 2010ರಲ್ಲಿ ವರದಿ ಬಂತು. ಬಣ್ಣವಿಲ್ಲದ ಮಾಮೂಲಿ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯದು. ಐರನ್ ಆಕ್ಸೈಡ್ ಬೆರೆತ ಬಣ್ಣದ ಸನ್‌ಸ್ಕ್ರೀನ್ ಬೇಕು. ಅಂಗಡಿಯಲ್ಲಿ ಸಿಗುವ ಬಣ್ಣಗಳು ಹೆಚ್ಚಾಗಿ ಗೋಧಿ ಮೈಬಣ್ಣಕ್ಕೆ ಮೀಸಲು. ರಾಯಚೂರಿನ ಬಿಸಿಲಲ್ಲಿ ದುಡಿಯುವ ಹೆಣ್ಣುಮಗಳು ಹಚ್ಚಿಕೊಂಡರೆ ಬೂದಿ ಬಳಿದಂತಿರುತ್ತದೆ, ಆದ್ದರಿಂದ ಹಚ್ಚುವುದಿಲ್ಲ.

ನೋಡಬೇಕಾದ್ದು ಇನ್ನೂ ಬಹಳ ಇದೆ. ದಿನಕ್ಕೆ ಮೂರು ಹೊತ್ತು ಒಲೆಯ ಮುಂದೆ ನಿಲ್ಲುವವರಿಗೆ ಲೇಸರಿನ ಆಮೇಲೆ ಆ ಶಾಖ ಏನು ಮಾಡುತ್ತದೆ? ಎಷ್ಟು ದಿನ ದೂರ ಇರಬೇಕು? ನಾವು ಅಂದಾಜಿನ ಮೇಲೆ ಒಂದು ವಾರ ಎನ್ನುತ್ತೇವೆ. ಪೂರ್ವತಯಾರಿಯ ಕ್ರೀಮು 5ನೇ ವರ್ಗದ ಚರ್ಮದಲ್ಲಿ ಕೆಲಸ ಮಾಡುತ್ತದೋ ಇಲ್ಲವೋ, ಅದನ್ನೂ ಅಂದಾಜಿನ ಮೇಲೆಯೇ ಬರೆಯುತ್ತೇವೆ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿರುತ್ತದೆ. ಮನೆಗೆ ಹೋದ ಮೇಲೆ ಏನು ಮಾಡಬೇಕೆಂಬ ಚೀಟಿ ಇದ್ದರೆ ಅದೂ ಇಂಗ್ಲಿಷಿನಲ್ಲಿ. ಪಾರ್ಲರಿನಲ್ಲಿ ಸುಟ್ಟುಕೊಂಡವರು ಸರ್ಕಾರಿ ಆಸ್ಪತ್ರೆಗೆ ಬಂದಾಗ ರಿಜಿಸ್ಟರಿನಲ್ಲಿ ಬೀಳುವುದು 'ಮುಖದ ಮೇಲೆ ಕಪ್ಪು ಕಲೆ' ಎಂಬ ಒಂದು ಸಾಲು. ಯಾವ ಯಂತ್ರ, ಹಿಡಿದವರು ಯಾರು, ಪರೀಕ್ಷೆಗೆಂದು ಕಿವಿಯ ಹಿಂದೆ ಒಂದು ಹೊಡೆತ ಹಾಕಿ ನೋಡಿದ್ದರೋ ಇಲ್ಲವೋ, ಮುಂಚೆ ಯಾವ ಕ್ರೀಮು ಹಚ್ಚುತ್ತಿದ್ದರು, ಆಮೇಲೆ ಏನು ಹಚ್ಚಿದರು ಎಂದು ಬರೆಯಲು ಅದರಲ್ಲಿ ಕಾಲಂ ಇಲ್ಲ.