ಕಾಸು ನುಂಗುವ ಪೆಟ್ಟಿಗೆಯ ಚರಿತ್ರೆ

ಚರಿತ್ರೆಯೆಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಕಲ್ಲು, ತಾಮ್ರಪಟ, ತಾಳೆಗರಿ. ಬರೆಸಿದವರು ಬಹುಕಾಲ ಬಾಳಲೆಂದೇ ಅವನ್ನು ಬರೆಸಿದರು, ಅವೂ ಬಾಳಿದುವು. ಆದರೆ ಯಾರೂ ಉಳಿಯಲೆಂದು ಮಾಡದ, ಒಂದೆರಡು ವರ್ಷ ಸಂಪಾದಿಸಿಕೊಟ್ಟು ಮೂಲೆ ಸೇರಲೆಂದೇ ಮಾಡಿದ ವಸ್ತುಗಳಿಗೂ ಒಂದು ಚರಿತ್ರೆಯುಂಟು. ಅಂಥ ವಸ್ತುವೊಂದರ ಒಡಲನ್ನು ಬಿಚ್ಚಿ ಓದುವ ಅವಕಾಶ ಇತ್ತೀಚೆಗೆ ನನಗೆ ಒದಗಿತು. ಅದು ನಾಣ್ಯ ಹಾಕಿ ನಿಂತು ಆಡುವ ಹಳೆಯ ವಿಡಿಯೋ ಆಟದ ಪೆಟ್ಟಿಗೆ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಬೆಂಗಳೂರಿನಲ್ಲಿ ಬೆಳೆದವರಿಗೆ ವಿಡಿಯೋ ಗೇಮ್ ಪಾರ್ಲರಿನ ಆ ಕತ್ತಲೆ, ಆ ಗದ್ದಲ ನೆನಪಿರಬಹುದು. ಆಟದ ಬಗೆಗೆ ಅವರಿಗೆ ನಾನು ಹೇಳಬೇಕಾದುದೇನೂ ಇಲ್ಲ. ನನಗೆ ಹೇಳಲಿಕ್ಕಿರುವುದು ಪೆಟ್ಟಿಗೆಯ ಹಿಂಬಾಗಿಲ ಕಡೆಯ ಮಾತು.

ನಾನಿರುವ ಸನ್ನಿವೇಲ್ ಕ್ಯಾಲಿಫೋರ್ನಿಯಾದ ಊರಾದರೂ ಕನ್ನಡಿಗರಿಗೆ ಇಂದು ಅಪರಿಚಿತವಲ್ಲ. ಮಲ್ಲೇಶ್ವರ, ಜಯನಗರಗಳ ಎಷ್ಟೋ ಮನೆಗಳ ಮಕ್ಕಳು ಅಲ್ಲಿಯೋ ಅದರ ಆಸುಪಾಸಿನಲ್ಲಿಯೋ ನೆಲೆಸಿದ್ದಾರೆ. ಆದರೆ ದಿನವೂ ಎಲ್ ಕಮಿನೊ ರಸ್ತೆಯಲ್ಲಿ ಓಡಾಡುವ ನಮ್ಮವರಲ್ಲಿ, ಈ ವ್ಯಾಪಾರವೆಲ್ಲ ಕುದುರಿದ್ದು ಅದೇ ರಸ್ತೆಯ ಒಂದು ಪಾನಗೃಹದಲ್ಲಿ ಎಂಬುದನ್ನು ಬಲ್ಲವರು ವಿರಳ. ಆ ಪಾನಗೃಹದ ಹೆಸರು ಆಂಡಿ ಕ್ಯಾಪ್ಸ್. 1972ರಲ್ಲಿ ನೋಲನ್ ಬುಷ್‌ನೆಲ್ ಮತ್ತು ಟೆಡ್ ಡಾಬ್ನಿ ಎಂಬಿಬ್ಬರು ಅಟಾರಿ ಎಂಬ ಕಂಪೆನಿಯನ್ನು ಕಟ್ಟಿದರು. ಅವರ ತರುಣ ಎಂಜಿನಿಯರ್ ಆಲನ್ ಆಲ್ಕಾರ್ನ್ ‘ಪಾಂಗ್’ ಎಂಬ ಆಟವನ್ನು ತಯಾರಿಸಿ, ಅದರ ಮೊದಲ ಮಾದರಿಯನ್ನು ಅಲ್ಲಿ ತಂದಿಟ್ಟನು. ಎರಡು ಗೆರೆ, ಒಂದು ಚುಕ್ಕೆ. ಚುಕ್ಕೆಯೇ ಚೆಂಡು, ಗೆರೆಗಳೇ ದಾಂಡು. ಅದರಲ್ಲಿ ಗಣಕದ ಪ್ರೊಸೆಸರ್ ಎಂಬುದೇ ಇರಲಿಲ್ಲ. ಸಾಧಾರಣ ಲಾಜಿಕ್ ಚಿಪ್ಪುಗಳನ್ನು ತಂತಿಯಿಂದ ಜೋಡಿಸಿ, ಅಂಗಡಿಯಿಂದ ತಂದ ಕಪ್ಪುಬಿಳುಪು ಟೆಲಿವಿಷನ್ನಿಗೆ ಕೊಟ್ಟಿದ್ದರು, ಅಷ್ಟೆ. ಕೆಲವು ದಿನಗಳಲ್ಲಿ ಯಂತ್ರ ಕೆಟ್ಟುನಿಂತಿದೆಯೆಂದು ಕರೆ ಬಂತು. ಆಲ್ಕಾರ್ನ್ ಹೋಗಿ ತೆರೆದು ನೋಡಿದರೆ, ಕೆಟ್ಟಿದ್ದು ಯಾವುದೂ ಅಲ್ಲ. ಕಾಸಿನ ಡಬ್ಬಿ ತುಂಬಿ ತುಳುಕುತ್ತಿತ್ತು!

ಹಾಗೆಂದು ಎಲ್ಲವೂ ಅಂದೇ ಹುಟ್ಟಿತೆಂದು ಭಾವಿಸಬಾರದು. 1962ರಲ್ಲಿಯೇ ಎಂ.ಐ.ಟಿ.ಯ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಗಣಕದ ಮೇಲೆ ‘ಸ್ಪೇಸ್‌ವಾರ್’ ಎಂಬ ಆಟವನ್ನು ಆಡಿದ್ದರು. 1971ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಆವರಣದಲ್ಲಿ ಅದನ್ನೇ ಹೋಲುವ ಆಟಕ್ಕೆ ಕಾಸಿನ ಡಬ್ಬಿಯನ್ನು ಸೇರಿಸಿ ಇಟ್ಟರು. ಅದೇ ವರ್ಷ ಬುಷ್‌ನೆಲ್ ಮತ್ತು ಡಾಬ್ನಿ ರೂಪಿಸಿದ ‘ಕಂಪ್ಯೂಟರ್ ಸ್ಪೇಸ್’ ಮಾರುಕಟ್ಟೆಗೆ ಬಂತು. ಅದು ಜನಕ್ಕೆ ತುಸು ಕಠಿಣವಾಯಿತು. ಪಾಂಗ್ ಗೆದ್ದುದು, ಎಂಥವನೂ ಒಂದೇ ಕಾಸಿನಲ್ಲಿ ಕಲಿಯಬಹುದಾದ ಆಟವೆಂಬ ಕಾರಣದಿಂದ.

ಕಾಸಿನ ಆಟಗಳ ಮೇಲೆ ಹಿರಿಯರ ಸಂಶಯವೂ ಹಳೆಯದೇ. ನ್ಯೂಯಾರ್ಕ್ ನಗರದಲ್ಲಿ ಪಿನ್‌ಬಾಲ್ ಯಂತ್ರವನ್ನು ಜೂಜೆಂದು ಬಗೆದು 1942ರಲ್ಲಿ ನಿಷೇಧಿಸಿದರು. ಮೇಯರ್ ಲಾ ಗಾರ್ಡಿಯಾ ಯಂತ್ರಗಳನ್ನು ಸುತ್ತಿಗೆಯಿಂದ ಒಡೆಸಿದನು. ಆ ನಿಷೇಧ ತೊಲಗಿದ್ದು 1976ರಲ್ಲಿ. ಎರಡು ವರ್ಷಗಳ ಬಳಿಕ ಜಪಾನಿನ ಟೈಟೊ ಸಂಸ್ಥೆಯ ತೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್ವೇಡರ್ಸ್’ ಆಟವನ್ನು ತಂದನು. ಅದರಿಂದ ಜಪಾನಿನಲ್ಲಿ 100 ಯೆನ್ ನಾಣ್ಯಕ್ಕೇ ಬರಗಾಲ ಬಂದಿತೆಂಬ ಕಥೆ ಪುಸ್ತಕದಿಂದ ಪುಸ್ತಕಕ್ಕೆ ಹರಿದು ಬಂದಿದೆ. ಟಂಕಸಾಲೆಯ ಲೆಕ್ಕವನ್ನು ಪರಿಶೀಲಿಸಿದವರು ಅದನ್ನು ಒಪ್ಪುವುದಿಲ್ಲ. ಐವತ್ತು ವರ್ಷವೂ ಆಗದ ವಸ್ತುವಿಗೆ ಇಷ್ಟರಲ್ಲೇ ಸ್ಥಳಪುರಾಣ ಹುಟ್ಟಿದ್ದನ್ನು ಕಂಡರೆ, ನಮ್ಮ ದೇವಸ್ಥಾನಗಳ ಪುರಾಣಗಳನ್ನು ಕುರಿತು ನಗುವ ಧೈರ್ಯ ಯಾರಿಗೆ ಬಂದೀತು?

ಇನ್ನು ನನ್ನ ಪೆಟ್ಟಿಗೆಯ ವಿಷಯ. ಊರಿನೊಬ್ಬರು ಗರಾಜನ್ನು ತೆರವು ಮಾಡುವಾಗ ನನಗೆ ದೊರೆತದ್ದು ಇದು. ಆಳೆತ್ತರದ ಮರದ ಪೆಟ್ಟಿಗೆ. ಮೈಯೆಲ್ಲ ಕಪ್ಪು ಬಣ್ಣ. ಮುಂದೆ ಇಬ್ಬರು ಆಡಲು ಎರಡು ಜಾಯ್‌ಸ್ಟಿಕ್, ಒಬ್ಬೊಬ್ಬರಿಗೆ ಆರಾರು ಗುಂಡಿ. ಆರು ಗುಂಡಿಯೆಂದರೆ 1991ರಲ್ಲಿ ಕ್ಯಾಪ್‌ಕಾಮ್ ಹೊರತಂದ ‘ಸ್ಟ್ರೀಟ್ ಫೈಟರ್ 2’. ಮೂರು ಬಗೆಯ ಗುದ್ದು, ಮೂರು ಬಗೆಯ ಒದೆ. ವಿದ್ಯುತ್ ಕೆಲಸದಲ್ಲಿ ಬಲ್ಬು ಬದಲಾಯಿಸಿದ್ದಕ್ಕಿಂತ ಹೆಚ್ಚಿನ ಅನುಭವ ನನಗಿರಲಿಲ್ಲ. ಆದ್ದರಿಂದ ಮೊದಲ ಎರಡು ವಾರ ಏನನ್ನೂ ಮುಟ್ಟದೆ, ಟಾರ್ಚು ಹಿಡಿದು ನೋಡುವುದು, ನೋಡಿದ್ದನ್ನು ಬರೆದಿಡುವುದು, ಇಷ್ಟನ್ನೇ ಮಾಡಿದೆ.

ನೋಡುತ್ತ ಹೋದಂತೆ ಪೆಟ್ಟಿಗೆ ಮಾತನಾಡತೊಡಗಿತು. ಒಂದು ಮೂಲೆಯಲ್ಲಿ ಕಪ್ಪು ಬಣ್ಣ ಎದ್ದಿತ್ತು. ಅದರಡಿಯಲ್ಲಿ ಅರಸಿನ ಹಳದಿ. ಪಿಕ್ಚರ್ ಟ್ಯೂಬಿನ ಗಾಜಿನ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದಾಗ, ಯಂತ್ರ ಆರಿದ್ದರೂ, ಮಸುಕಾದ ಗೆರೆಗಳ ಒಂದು ಚಕ್ರವ್ಯೂಹ ಕಂಡಿತು. ಅದೂ ನೆಟ್ಟಗಿರದೆ ಪಕ್ಕಕ್ಕೆ ಮಲಗಿತ್ತು. ಒಂದೇ ಚಿತ್ರ ವರ್ಷಗಟ್ಟಲೆ ನಿಂತರೆ ಗಾಜಿನ ಒಳಮೈಗೆ ಬಳಿದ ಫಾಸ್ಫರ್ ಅಲ್ಲಲ್ಲಿ ಸವೆದು ಹೀಗೆ ಗುರುತು ಉಳಿಯುತ್ತದೆ. ಆ ವ್ಯೂಹವನ್ನು ಯಾರು ತಾನೇ ಅರಿಯರು? ಅದು ‘ಪ್ಯಾಕ್-ಮ್ಯಾನ್’.

1980ರಲ್ಲಿ ಜಪಾನಿನ ನಾಮ್ಕೊ ಸಂಸ್ಥೆಯಲ್ಲಿ, ಇಪ್ಪತ್ತೈದು ವರ್ಷದ ತೋರು ಇವಾತಾನಿ ರೂಪಿಸಿದ ಆಟ ಅದು. ಕೊಲ್ಲುವ ಆಟಗಳಿಂದ ದೂರ ನಿಂತಿದ್ದ ಹೆಂಗಸರೂ ಆಡಲೆಂದು, ತಿನ್ನುವುದನ್ನೇ ಆಟವಾಗಿ ಮಾಡಿದನು. ಮೊದಲ ಹೆಸರು ‘ಪಕ್-ಮ್ಯಾನ್’. ಅಮೆರಿಕದ ಪುಂಡರು ಮೊದಲಕ್ಷರವನ್ನು ಕೆರೆದು ಅಶ್ಲೀಲ ಪದವಾಗಿಸಿಯಾರೆಂದು ಅಲ್ಲಿ ಹೆಸರನ್ನು ತಿದ್ದಿದರು. ಅಮೆರಿಕದಲ್ಲಿ ಮಿಡ್‌ವೇ ಸಂಸ್ಥೆ ಇದನ್ನು ಹಳದಿ ಪೆಟ್ಟಿಗೆಗಳಲ್ಲಿ ಮಾರಿತು. ಹಂತಗಳ ಲೆಕ್ಕವನ್ನು ಎಂಟು ಬಿಟ್ಟಿನ ಒಂದೇ ಬೈಟಿನಲ್ಲಿ ಇಟ್ಟಿದ್ದರಿಂದ, 256ನೆಯ ಹಂತ ಮುಟ್ಟಿದವನಿಗೆ ಪರದೆಯ ಬಲಭಾಗವೆಲ್ಲ ಕಲಸಿಹೋಗಿ ಆಟ ಮುಂದೆ ಸಾಗದು. ಅಷ್ಟು ದೂರ ಯಾರೂ ಹೋಗಲಾರರೆಂಬ ಭರವಸೆ ತಯಾರಕರಿಗೆ ಇದ್ದಿರಬೇಕು!

ಪ್ಯಾಕ್-ಮ್ಯಾನಿಗೆ ಎತ್ತರವಾದ ಚಿತ್ರ ಬೇಕು. ಸ್ಟ್ರೀಟ್ ಫೈಟರಿಗೆ ಅಗಲವಾದದ್ದು. ಆದ್ದರಿಂದ ಅನಾಮಿಕ ಮೆಕ್ಯಾನಿಕ್ಕನೊಬ್ಬನು ಟ್ಯೂಬನ್ನೇ ಕಾಲು ಸುತ್ತು ತಿರುಗಿಸಿ ಕೂರಿಸಿದ್ದನು. ಹಳೆಯ ಮೊಳೆಗಳ ತೂತು ಮರದಲ್ಲಿ ಹಾಗೆಯೇ ಇದ್ದುವು. ಹೀಗೆ ಒಂದೇ ಪೆಟ್ಟಿಗೆಯಲ್ಲಿ ಒಂದು ಯುಗದ ಮೇಲೆ ಇನ್ನೊಂದು ಯುಗ ಮಲಗಿತ್ತು. ಹಳೆಯ ಅಕ್ಷರವನ್ನು ಕೆರೆದು ಅದೇ ಕಲ್ಲಿನ ಮೇಲೆ ಹೊಸ ಶಾಸನ ಬರೆಯಿಸುವುದನ್ನು ನಾವು ಕೇಳಿಲ್ಲವೇ?

ಇಂಥ ಪರಿವರ್ತನೆ ಅಪರೂಪದ್ದಲ್ಲ. ಈ ವ್ಯಾಪಾರದ ಜೀವಾಳವೇ ಅದು. 1981ರಲ್ಲಿ ನಿಂಟೆಂಡೊ ಕಂಪೆನಿಯ ‘ರೇಡಾರ್ ಸ್ಕೋಪ್’ ಎಂಬ ಆಟ ಅಮೆರಿಕದಲ್ಲಿ ಬಿಕರಿಯಾಗದೆ ಸುಮಾರು 2000 ಪೆಟ್ಟಿಗೆಗಳು ಉಗ್ರಾಣದಲ್ಲಿ ಕೊಳೆಯುತ್ತಿದ್ದುವು. ಅವುಗಳೊಳಗೆ ಕೂರಿಸಲೆಂದು ಶಿಗೆರು ಮಿಯಾಮೊಟೊ ಎಂಬ ಹೊಸಬನು ರೂಪಿಸಿದ ಆಟವೇ ‘ಡಾಂಕಿ ಕಾಂಗ್’. ಮುಳುಗುತ್ತಿದ್ದ ವ್ಯಾಪಾರವನ್ನು ಎತ್ತಿದ್ದು ಆ ಹಳೆಯ ಪೆಟ್ಟಿಗೆಗಳ ಹೊಸ ಒಡಲು. 1983ರ ಸುಮಾರಿಗೆ ಅಮೆರಿಕದ ವಿಡಿಯೋ ಆಟದ ಮಾರುಕಟ್ಟೆಯೇ ಕುಸಿಯಿತು. ಹೊಸ ಪೆಟ್ಟಿಗೆ ಕೊಳ್ಳಲು ಹಣವಿಲ್ಲದ ಮಾಲೀಕರು ಇದ್ದ ಪೆಟ್ಟಿಗೆಗೇ ಹೊಸ ಆಟ ಹಾಕಿಸಿಕೊಂಡರು. ಆದರೆ ಒಂದೊಂದು ಆಟಕ್ಕೂ ಒಂದೊಂದು ಬಗೆಯ ತಂತಿಯ ಜೋಡಣೆ. ಈ ಗೋಜಲನ್ನು ಬಿಡಿಸಿದ್ದು 1985ರಲ್ಲಿ ಜಪಾನಿನ ತಯಾರಕರ ಸಂಘ ಜಾಮಾ ಗೊತ್ತುಪಡಿಸಿದ ಏಕರೂಪದ ಪದ್ಧತಿ.

ನನ್ನಂಥ ಕಲಿಯುವವನಿಗೆ ಜಾಮಾ ಒಂದು ಕಾಗುಣಿತವಿದ್ದಂತೆ. ಒಂದು ಬದಿಗೆ 28, ಇನ್ನೊಂದು ಬದಿಗೆ 28, ಒಟ್ಟು 56 ಸಂಪರ್ಕಗಳ ಒಂದು ಕನೆಕ್ಟರು. ಎರಡು ತುದಿಯಲ್ಲಿಯೂ ಗ್ರೌಂಡ್. ಅದರ ಪಕ್ಕ ಚಿಪ್ಪುಗಳಿಗೆ 5 ವೋಲ್ಟು, ಧ್ವನಿಗೆ 12 ವೋಲ್ಟು. ಏಳನೆಯ ಸ್ಥಾನ ಖಾಲಿ. ಬೋರ್ಡನ್ನು ತಲೆಕೆಳಗಾಗಿ ಚುಚ್ಚದಿರಲೆಂದು ಅಲ್ಲೊಂದು ತಡೆ. ಮುಂದೆ ಕೆಂಪು, ಹಸುರು, ನೀಲಿ ಬಣ್ಣಗಳಿಗೂ ಚಿತ್ರದ ತಾಳಕ್ಕೂ ನಾಲ್ಕು ತಂತಿ. ಆಮೇಲೆ ಕಾಸು, ಆರಂಭ, ಮೇಲೆ, ಕೆಳಗೆ, ಎಡ, ಬಲ, ಗುಂಡಿಗಳು. ಆಟಗಾರನಿಗೆ ಮೂರು ಗುಂಡಿ ಸಾಕೆಂದು ಬಗೆದಿದ್ದ ಪದ್ಧತಿ ಇದು. ಆರು ಗುಂಡಿಯ ಸ್ಟ್ರೀಟ್ ಫೈಟರ್ ಬಂದಾಗ ಒದೆಗಳಿಗೆಂದೇ ಬೇರೊಂದು ತಂತಿಯ ಕಟ್ಟನ್ನು ಸೇರಿಸಬೇಕಾಯಿತು. ನನ್ನ ಪೆಟ್ಟಿಗೆಯಲ್ಲಿಯೂ ಆ ಕಟ್ಟು ಪ್ರತ್ಯೇಕವಾಗಿ ಜೋತಾಡುತ್ತಿತ್ತು. ಅದರಾಚೆ, ಟೇಪು ಸುತ್ತಿ ಮರಕ್ಕೆ ಹೊಡೆದಿದ್ದ ಇನ್ನೊಂದು ತುಂಡು ಕಟ್ಟಿನ ತುದಿಯಲ್ಲಿ 44 ಸಂಪರ್ಕಗಳ ಕನೆಕ್ಟರು: ಪ್ಯಾಕ್-ಮ್ಯಾನ್ ಬೋರ್ಡಿನದು. ತಳದಲ್ಲಿ ಕುಳಿತಿದ್ದ ಭಾರದ ಟ್ರಾನ್ಸ್‌ಫಾರ್ಮರೂ ಆ ಕಾಲದ್ದೇ. ಹೊಸ ಆಟ ಬಂದ ಮೇಲೂ ಅದು ಮಾನಿಟರಿಗೆ ವಿದ್ಯುತ್ ಒದಗಿಸುತ್ತ ದುಡಿಯುತ್ತಿತ್ತು.

ಗುಂಡಿ ಒತ್ತಿದಾಗ ಆಗುವುದಾದರೂ ಏನು? ಕೆಳಗಿನ ಮೈಕ್ರೋಸ್ವಿಚ್ಚು ತನ್ನ ತಂತಿಯನ್ನು ಗ್ರೌಂಡಿಗೆ ಮುಟ್ಟಿಸುತ್ತದೆ, ಅಷ್ಟೆ. ಎಲ್ಲ ಸ್ವಿಚ್ಚುಗಳಿಗೂ ಒಂದೇ ಗ್ರೌಂಡ್ ತಂತಿ, ಹೂವಿನ ಸರದಂತೆ ಒಂದರಿಂದ ಇನ್ನೊಂದಕ್ಕೆ ಹಾದುಹೋಗಿರುತ್ತದೆ. ನಡುವೆ ಒಂದು ಕಡೆ ಕಳಚಿದರೆ ಅಲ್ಲಿಂದಾಚೆಯ ಗುಂಡಿಗಳೆಲ್ಲ ಸತ್ತಂತೆ. ಎರಡನೆಯ ಆಟಗಾರನ ಐದು ಗುಂಡಿಗಳು ಕೆಲಸ ಮಾಡದೆ ಇದ್ದುದಕ್ಕೆ, ಮಲ್ಟಿಮೀಟರ್ ಹಿಡಿದು ಹುಡುಕಿದಾಗ, ತುಕ್ಕು ಹಿಡಿದ ಒಂದೇ ಒಂದು ತಗಡಿನ ಟ್ಯಾಗು ಕಾರಣವಾಗಿತ್ತು. ಅದನ್ನು ಬದಲಾಯಿಸಿ, ಒಣಗಿ ಬಿರಿದ ತಂತಿಗಳನ್ನು ಒಂದೊಂದಾಗಿ ತೆಗೆದು, ಅದೇ ಬಣ್ಣದ ಹೊಸ ತಂತಿ ಹಾಕಿ ಬೆಸೆಯುತ್ತ ಹೋದೆ.

ಟ್ಯೂಬಿನ ಕೆಲಸಕ್ಕೆ ಮಾತ್ರ ಕೈಹಾಕಲಿಲ್ಲ. ಬಣ್ಣದ ಟ್ಯೂಬಿನಲ್ಲಿ ಇಪ್ಪತ್ತು ಸಾವಿರ ವೋಲ್ಟಿನ ಆಸುಪಾಸಿನ ಒತ್ತಡ. ವಿದ್ಯುತ್ ಕಿತ್ತ ಮೇಲೂ ಅದು ಒಳಗೆ ಅಡಗಿ ಕುಳಿತಿರಬಹುದು. ಪಕ್ಕದ ಬೀದಿಯಲ್ಲಿ ಮಗನ ಮನೆಗೆ ಬಂದಿದ್ದ ಹಿರಿಯರೊಬ್ಬರು ದೂರದರ್ಶನದ ಕಾಲದಲ್ಲಿ ಹಾಸನದಲ್ಲಿ ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದವರು. ಅವರನ್ನು ಕರೆತಂದೆ.

“ನೋಡಪ್ಪಾ, ಆರಿಸಿದ ಮೇಲೂ ಕಚ್ಚೋ ಹಾವು ಇದು. ಒಂದು ಕೈ ಜೇಬಿನಲ್ಲೇ ಇರಲಿ,” ಎಂದು ಹೇಳಿ, ಚಾಸಿಗೆ ಕಟ್ಟಿದ ತಂತಿಯ ಸ್ಕ್ರೂ ಡ್ರೈವರಿನಿಂದ ಟ್ಯೂಬಿನ ರಬ್ಬರು ಟೊಪ್ಪಿಗೆಯ ಅಡಿ ಮುಟ್ಟಿಸಿದರು. ಚಟ್ಟೆಂದು ಸದ್ದಾಯಿತು. ಆಮೇಲೆ ಒಣಗಿದ ಕೆಪಾಸಿಟರುಗಳನ್ನು ಒಂದೊಂದಾಗಿ ಬದಲಾಯಿಸಿದರು. ಕನ್ನಡಕ ಸರಿಪಡಿಸಿಕೊಂಡು, “ಇದನ್ನು ಮುಟ್ಟಿ ಇಪ್ಪತ್ತು ವರ್ಷ ಆಗಿತ್ತು. ಕೈ ಮರೆತಿಲ್ಲ ನೋಡು,” ಎಂದರು.

ಆಗಲೇ ನಿಜವಾದ ಪ್ರಶ್ನೆ ಎದುರಾದದ್ದು. ಈ ಪೆಟ್ಟಿಗೆಯನ್ನು ಯಾವ ಕಾಲಕ್ಕೆ ಮರಳಿಸಬೇಕು? ಕಪ್ಪು ಬಣ್ಣ ಕೆರೆದು, ಆರು ಗುಂಡಿ ಕಿತ್ತು, ಟ್ಯೂಬು ತಿರುಗಿಸಿ ಮತ್ತೆ ಪ್ಯಾಕ್-ಮ್ಯಾನ್ ಮಾಡಿ ಎಂದರು ಕೆಲವರು. ಎಲ್ಲವನ್ನೂ ತೆಗೆದು ತೆಳು ಪರದೆಯನ್ನೂ ಚಿಕ್ಕ ಗಣಕವನ್ನೂ ಇಡಿ, ಸಾವಿರ ಆಟ ಆಡಬಹುದು ಎಂದರು ಮತ್ತೆ ಕೆಲವರು. ಎರಡನೆಯ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಆರಂಭಿಸಿದ ಮೇಮ್ ಎಂಬ ತಂತ್ರಾಂಶ, ಸಾಯುತ್ತಿದ್ದ ಚಿಪ್ಪುಗಳೊಳಗಿನ ಎಷ್ಟೋ ಆಟಗಳನ್ನು ಬದುಕಿಸಿತು. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಪ್ಯಾಕ್-ಮ್ಯಾನನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಆಟ ಉಳಿಯಿತು, ಸಂತೋಷ. ಆದರೆ ಆಟವನ್ನು ಉಳಿಸುವುದು ಬೇರೆ, ಈ ಪೆಟ್ಟಿಗೆಯನ್ನು ಉಳಿಸುವುದು ಬೇರೆ. ಶಾಸನದ ಪಾಠ ಅಚ್ಚಾಯಿತೆಂದು ಕಲ್ಲನ್ನು ಬಟ್ಟೆ ಒಗೆಯಲು ಹಾಕುವುದುಂಟೇ? ನಮ್ಮಲ್ಲಿ ಹಾಕಿದ್ದುಂಟು, ಅದರಿಂದ ಕಳೆದುಕೊಂಡದ್ದೆಷ್ಟೆಂಬುದನ್ನೂ ಬಲ್ಲೆವು.

ಮೊದಲನೆಯ ಸಲಹೆ ಇನ್ನೂ ಮೋಹಕ. 1980ರ ಹಳದಿ ಯಾರಿಗೆ ಬೇಡ? ಆದರೆ ಅದಕ್ಕಾಗಿ 1991ನ್ನು ಅಳಿಸಬೇಕು. ಹಣವಿಲ್ಲದ ಮಾಲೀಕನೊಬ್ಬನ ಕಷ್ಟ, ತಂತಿಗಳನ್ನು ಕತ್ತರಿಸಿ ಹೊಸ ಹೊಟ್ಟೆಪಾಡು ಕಟ್ಟಿದ ಮೆಕ್ಯಾನಿಕ್ಕನ ಜಾಣ್ಮೆ, ಆ ಆರು ಗುಂಡಿಗಳನ್ನು ಸವೆಸಿದ ಹುಡುಗರ ಬೆರಳು, ಇವೂ ಚರಿತ್ರೆಯೇ. ದೇವಾಲಯದ ಮೂಲರೂಪ ಹುಡುಕುವ ಉತ್ಸಾಹದಲ್ಲಿ ನಡುವಿನ ಶತಮಾನಗಳನ್ನು ಕಿತ್ತೆಸೆಯಬಾರದೆಂದು ನಮ್ಮ ಪಂಡಿತರು ಹೇಳುವುದು ಇದನ್ನೇ.

ಆದ್ದರಿಂದ ಪೆಟ್ಟಿಗೆ ನನ್ನ ಕೈಗೆ ಬಂದಾಗ ಹೇಗಿತ್ತೋ ಹಾಗೆಯೇ ಅದನ್ನು ನಡೆಯುವಂತೆ ಮಾಡಿದೆ. ಜಾಮಾ ತಂತಿಗಳು ಹೊಸತು. 44ರ ತುಂಡು ಕಟ್ಟನ್ನು ಕತ್ತರಿಸದೆ, ಚೀಟಿ ಕಟ್ಟಿ ಇದ್ದಲ್ಲಿಯೇ ಬಿಟ್ಟೆ. ಯಾವ ತಂತಿಯನ್ನು ಯಾವ ದಿನ ಬದಲಾಯಿಸಿದೆನೆಂಬ ಪಟ್ಟಿಯನ್ನು ಹಿಂಬಾಗಿಲ ಒಳಬದಿಗೆ ಅಂಟಿಸಿದ್ದೇನೆ. ಪಕ್ಕದ ಹಲಗೆಯಲ್ಲಿ ಅಂಗೈಯಗಲ ಕಪ್ಪು ಬಣ್ಣ ತೆಗೆದು ಹಳದಿಗೆ ಒಂದು ಕಿಟಕಿ ಮಾಡಿಕೊಟ್ಟೆ. ಟ್ಯೂಬನ್ನು ಬದಲಾಯಿಸಲಿಲ್ಲ, ಕುಸ್ತಿಪಟುಗಳ ಬೆನ್ನ ಹಿಂದೆ ಆ ಚಕ್ರವ್ಯೂಹ ಈಗಲೂ ಮಲಗಿದೆ.

ಒಂದು ಸಂಕಟ ಉಳಿದೇ ಇದೆ. ಇಂಥ ಟ್ಯೂಬುಗಳ ತಯಾರಿಕೆ ನಿಂತುಹೋಗಿದೆ. ಉರಿದಷ್ಟೂ ಇದರ ಆಯುಸ್ಸು ಕರಗುತ್ತದೆ. ಉರಿಸದೆ ಮುಚ್ಚಿಟ್ಟರೂ ಕೆಪಾಸಿಟರ್ ಒಣಗುತ್ತದೆ, ತಾಮ್ರ ಕಿಲುಬು ಹಿಡಿಯುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಇದನ್ನು ರಿಪೇರಿ ಮಾಡಬಲ್ಲ ಕೈಗಳು ಮರೆತುಬಿಡುತ್ತವೆ. ಕಲ್ಲಿನ ಶಾಸನವನ್ನು ಓದಿದರೆ ಅದು ಸವೆಯುವುದಿಲ್ಲ; ಈ ಶಾಸನ ಓದಿದಷ್ಟೂ ಸವೆಯುತ್ತದೆ. ನಾನು ಆರಿಸಿಕೊಂಡದ್ದು ಓದುವುದನ್ನೇ. ಭಾನುವಾರ ಸಂಜೆ ಎರಡು ಗಂಟೆ ಪೆಟ್ಟಿಗೆ ಉರಿಯುತ್ತದೆ. ಬೀದಿಯ ಮಕ್ಕಳು ಬಂದು ಆಡುತ್ತಾರೆ. ಆಟ ಮುಗಿದ ಮೇಲೆ ಹಿಂಬಾಗಿಲು ತೆರೆದು, ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ಕೇಳುವ ಹುಡುಗಿಯೊಬ್ಬಳಿದ್ದಾಳೆ. ಅವಳಿಗೆ 56 ಸಂಪರ್ಕಗಳಲ್ಲಿ ಅರ್ಧ ಈಗಾಗಲೇ ಬಾಯಿಪಾಠವಾಗಿದೆ.